ಸಮಾಜವಾದ ಕಾಗದದ ಮೇಲೆ ಮಾತ್ರ ಚೆಂದವೇ? ನಿಜದಲ್ಲಿ ನಡೆಯುತ್ತದೆಯೇ?

ಹೊಸ ಓದುಗ

ಎಲ್ಲರಿಗೂ ನಮಸ್ಕಾರ. ಕೆಲವು ತಿಂಗಳಿಂದ ಸಮಾಜವಾದದ ಬಗ್ಗೆ ಓದುತ್ತಿದ್ದೇನೆ. ಯಾರ ಹತ್ತಿರ ಮಾತೆತ್ತಿದರೂ ಒಂದೇ ಉತ್ತರ ಬರುತ್ತದೆ: "ಓದೋಕೆ ಚೆನ್ನಾಗಿದೆ, ನಡೆಸೋಕೆ ಆಗಲ್ಲ." ಈ ಉತ್ತರದಿಂದ ನನಗೆ ಸಮಾಧಾನ ಆಗುತ್ತಿಲ್ಲ. ಮನುಷ್ಯರು ಹೇಗೆ ಬದುಕಬೇಕು ಎಂದು ಹೇಳುವ ಸಿದ್ಧಾಂತ ಬದುಕಿನಲ್ಲೇ ನಡೆಯದಿದ್ದರೆ, ಸಿದ್ಧಾಂತದಲ್ಲೇ ಏನೋ ಕೊರತೆ ಇರಬೇಕು ಅಲ್ವಾ? ಅಥವಾ ಕೊರತೆ ಇದ್ದದ್ದು ನಡೆಸಿದವರಲ್ಲೇ?

ನನ್ನ ಪ್ರಶ್ನೆ ಇಷ್ಟು. ಕಾರ್ಖಾನೆ, ಜಮೀನು, ಬ್ಯಾಂಕು ಕೆಲವರ ಕೈಯಲ್ಲಿರದೆ ಎಲ್ಲರದ್ದಾಗಿರುವ ವ್ಯವಸ್ಥೆ ಎಲ್ಲಾದರೂ ಜನರ ಬದುಕನ್ನು ನಿಜವಾಗಿ ಮೇಲೆತ್ತಿದೆಯೇ? ಸೋತ ಕಡೆ ಯಾವ ಕಾರಣಕ್ಕೆ ಸೋತಿತು? ದಯವಿಟ್ಟು ಘೋಷಣೆ ಬೇಡ. ನಡೆದದ್ದನ್ನು ಇಟ್ಟುಕೊಂಡು ಮಾತಾಡೋಣ.

ಲೆಕ್ಕದವ

ಒಳ್ಳೆಯ ಪ್ರಶ್ನೆ. ನಾನು ಲೆಕ್ಕದ ಕಡೆಯಿಂದ ಶುರು ಮಾಡುತ್ತೇನೆ. ಜನ ಸ್ವಾರ್ಥಿಗಳು, ಅದಕ್ಕೇ ಸಮಾಜವಾದ ಸೋಲುತ್ತದೆ ಎಂದು ಬಹಳ ಮಂದಿ ಹೇಳುತ್ತಾರೆ. ನನಗೆ ಅದು ಗಟ್ಟಿ ವಾದ ಅನ್ನಿಸುವುದಿಲ್ಲ. ಎಲ್ಲರೂ ದೇವರಂಥವರು ಎಂದೇ ಇಟ್ಟುಕೊಳ್ಳಿ. ಆಗಲೂ ಒಂದು ಕಷ್ಟ ಹಾಗೇ ಉಳಿಯುತ್ತದೆ. ಇರುವ ಉಕ್ಕಿನಲ್ಲಿ ರೈಲು ಹಳಿ ಮಾಡಬೇಕೋ, ಟ್ರ್ಯಾಕ್ಟರ್ ಮಾಡಬೇಕೋ, ಆಪರೇಷನ್ನಿನ ಕತ್ತರಿ ಮಾಡಬೇಕೋ? ಯಾವುದು ಎಷ್ಟು? ಒಳ್ಳೆಯತನ ಇದಕ್ಕೆ ಉತ್ತರ ಹೇಳುವುದಿಲ್ಲ.

1920ರಲ್ಲಿ ಆಸ್ಟ್ರಿಯಾದ ಅರ್ಥಶಾಸ್ತ್ರಜ್ಞ ಲುಡ್ವಿಗ್ ಫಾನ್ ಮೀಸಸ್ ಎತ್ತಿದ್ದು ಇದನ್ನೇ. ಯಂತ್ರ, ಕಚ್ಚಾಮಾಲು ಕೊಳ್ಳುವ ಮಾರುವ ಮಾರುಕಟ್ಟೆಯೇ ಇಲ್ಲದಿದ್ದರೆ ಅವುಗಳಿಗೆ ನಿಜವಾದ ಬೆಲೆ ಹುಟ್ಟುವುದಿಲ್ಲ. ಬೆಲೆ ಇಲ್ಲದೆ ಯಾವುದು ಉಳಿತಾಯ, ಯಾವುದು ದುಂದು ಎಂದು ತಿಳಿಯುವುದು ಹೇಗೆ? 1945ರಲ್ಲಿ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಹಯೆಕ್ ಇನ್ನೂ ಆಳಕ್ಕೆ ಹೋದರು. ಯಾವ ಕಡೆ ಏನು ಬೇಕು, ಎಲ್ಲಿ ಏನು ಬಿದ್ದಿದೆ ಎಂಬ ತಿಳಿವಳಿಕೆ ಕೋಟ್ಯಂತರ ಜನರ ತಲೆಯಲ್ಲಿ ಚೂರುಚೂರಾಗಿ ಇರುತ್ತದೆ. ಅದನ್ನು ಒಂದು ಕಚೇರಿಗೆ ತಂದು ಸೇರಿಸಲು ಆಗುವುದಿಲ್ಲ ಎಂದರು.

ಸೋವಿಯತ್ ಒಕ್ಕೂಟದಲ್ಲಿ ಯೋಜನೆ ಹಾಕುವ ಸಂಸ್ಥೆ ಗಾಸ್‌ಪ್ಲಾನ್ 1921ರಲ್ಲಿ ಹುಟ್ಟಿತು. ಮೊದಲ ಪಂಚವಾರ್ಷಿಕ ಯೋಜನೆ 1928ರಲ್ಲಿ ಶುರುವಾಯಿತು. ಕಾರ್ಖಾನೆಗಳಿಗೆ ಗುರಿಯನ್ನು ಟನ್ನಿನಲ್ಲಿ ಕೊಟ್ಟರೆ ಮಾಲು ಭಾರವಾಗಿ ಬರುತ್ತಿತ್ತು. 1959ರಲ್ಲಿ ಸ್ವತಃ ಸೋವಿಯತ್ ನಾಯಕ ಕ್ರುಶ್ಚೇವ್ ದೂರಿದ್ದರು: ತೂಗುದೀಪಗಳನ್ನು ಬೇಕಂತಲೇ ಭಾರವಾಗಿ ಮಾಡುತ್ತಾರೆ, ಯಾಕೆಂದರೆ ತೂಕ ಹೆಚ್ಚಾದಷ್ಟೂ ಗುರಿ ಮುಟ್ಟುವುದು ಸುಲಭ. ಆ ಕಾರ್ಖಾನೆಯವರು ಕೆಟ್ಟವರಲ್ಲ. ಮೇಲಿನಿಂದ ಯಾವುದನ್ನು ಅಳೆಯುತ್ತಾರೋ ಅದನ್ನೇ ಮಾಡಿಕೊಟ್ಟರು.

ಕೆಂಪು ದಾಸವಾಳ

ಲೆಕ್ಕದವ ಸರ್, ನಿಮ್ಮ ವಾದ ಒಂದೇ ಬಗೆಯ ಸಮಾಜವಾದಕ್ಕೆ ಮಾತ್ರ ತಗಲುತ್ತದೆ. ಅದು ರಾಜಧಾನಿಯಲ್ಲಿ ಕೂತ ಒಂದು ಕಚೇರಿ ಮೊಳೆಯಿಂದ ರಾಕೆಟ್ಟಿನವರೆಗೆ ಎಲ್ಲವನ್ನೂ ತೀರ್ಮಾನಿಸುವ ಬಗೆ. ಸಮಾಜವಾದ ಎಂದರೆ ಅಷ್ಟೇ ಅಲ್ಲ.

ವಿಯೆನ್ನಾ ನಗರವನ್ನೇ ನೋಡಿ. ಮೊದಲ ಮಹಾಯುದ್ಧ ಮುಗಿದಾಗ ಅಲ್ಲಿನ ದುಡಿಯುವ ಜನ ಗಾಳಿ ಬೆಳಕಿಲ್ಲದ ಕೋಣೆಗಳಲ್ಲಿ ತುಂಬಿಹೋಗಿದ್ದರು. ಕ್ಷಯ ಎಷ್ಟು ಹರಡಿತ್ತೆಂದರೆ ಅದನ್ನು ವಿಯೆನ್ನಾದ ಕಾಯಿಲೆ ಎಂದೇ ಕರೆಯುತ್ತಿದ್ದರು. ಸಮಾಜವಾದಿಗಳು ಚುನಾವಣೆ ಗೆದ್ದು ನಗರಸಭೆ ಹಿಡಿದರು. 1923ರಲ್ಲಿ ಮನೆ ಕಟ್ಟಲೆಂದೇ ಒಂದು ತೆರಿಗೆ ತಂದರು. ಚಿಕ್ಕ ಮನೆಯವರಿಗೆ ಹೆಸರಿಗಷ್ಟೇ, ದೊಡ್ಡ ಬಂಗಲೆಯವರಿಗೆ ಜೋರಾಗಿ. ಆ ದುಡ್ಡಲ್ಲಿ 1934ರ ಹೊತ್ತಿಗೆ 60,000ಕ್ಕೂ ಜಾಸ್ತಿ ಮನೆ ಕಟ್ಟಿದರು. 1930ರಲ್ಲಿ ತೆರೆದ ಕಾರ್ಲ್ ಮಾರ್ಕ್ಸ್ ಹೋಫ್ ಎಂಬ ಒಂದೇ ಕಟ್ಟಡ ಸಾಲಿನಲ್ಲಿ 1,382 ಮನೆಗಳು. ಜೊತೆಗೆ ಬಟ್ಟೆ ಒಗೆಯುವ ಕೇಂದ್ರ, ಶಿಶುವಿಹಾರ, ಗ್ರಂಥಾಲಯ, ದವಾಖಾನೆ.

1934ರ ಫೆಬ್ರವರಿಯಲ್ಲಿ ಬಲಪಂಥೀಯ ಸರ್ಕಾರ ಆ ಕಟ್ಟಡದ ಮೇಲೆ ಫಿರಂಗಿ ಹಾರಿಸಿತು. ಆ ನಗರಸಭೆ ಜನ ಬೇಡವೆಂದದ್ದಕ್ಕೆ ಬೀಳಲಿಲ್ಲ, ಗುಂಡಿನಿಂದ ಬಿತ್ತು. ಆದರೂ ಮನೆಗಳು ಉಳಿದವು. ಇವತ್ತಿಗೂ ವಿಯೆನ್ನಾದ ಸುಮಾರು ಅರ್ಧದಷ್ಟು ಜನ ನಗರಸಭೆಯ ಮನೆಗಳಲ್ಲಿ ಅಥವಾ ಸಹಾಯಧನದಿಂದ ಕಟ್ಟಿದ ಮನೆಗಳಲ್ಲಿ ಇದ್ದಾರೆ. ನೂರು ವರ್ಷ ನಡೆದದ್ದನ್ನು ನಡೆಯುವುದಿಲ್ಲ ಎನ್ನುವುದು ಹೇಗೆ?

ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯೂ ಹಾಗೇ. 1948ರ ಜುಲೈ 5ರಂದು ಶುರುವಾಯಿತು. ಆಸ್ಪತ್ರೆಗಳನ್ನು ಸರ್ಕಾರವೇ ವಹಿಸಿಕೊಂಡಿತು. ಚಿಕಿತ್ಸೆಯ ಹೊತ್ತಲ್ಲಿ ರೋಗಿ ದುಡ್ಡು ಕೊಡಬೇಕಿಲ್ಲ. ಅದನ್ನು ತೆಗೆಯುತ್ತೇವೆ ಎಂದು ಹೇಳಿ ಚುನಾವಣೆಗೆ ನಿಲ್ಲುವ ಧೈರ್ಯ ಅಲ್ಲಿ ಯಾವ ದೊಡ್ಡ ಪಕ್ಷಕ್ಕೂ ಬಂದಿಲ್ಲ.

ನೇರ ಮಾತು

ಇದನ್ನು ಸಮಾಜವಾದ ಎನ್ನುವುದು ಸರಿಯಲ್ಲ. ಸುತ್ತಲೂ ಬಂಡವಾಳಶಾಹಿ ವ್ಯವಸ್ಥೆ ದುಡ್ಡು ದುಡಿಯುತ್ತಿತ್ತು. ಅದರ ಮೇಲೆ ತೆರಿಗೆ ಹಾಕಿ ಮನೆ ಕಟ್ಟಿದರು. ಮನೆಗೆ ಬೇಕಾದ ಸಿಮೆಂಟು, ಗಾಜು, ಲಿಫ್ಟು ಮಾಡಿದ್ದು ಯಾರು? ಖಾಸಗಿ ಕಾರ್ಖಾನೆಗಳು. ಎಲ್ಲವೂ ಸರ್ಕಾರದ್ದಾದ ಕಡೆ ಏನಾಯಿತು ಎಂಬುದೇ ನಿಜವಾದ ಪರೀಕ್ಷೆ.

ಕೆಂಪು ದಾಸವಾಳ

ಎಲ್ಲವೂ ಸರ್ಕಾರದ್ದಾಗಬೇಕು ಎಂಬ ಷರತ್ತನ್ನು ಹಾಕಿದ್ದು ನೀವು. ಮನೆ, ಆಸ್ಪತ್ರೆ, ಶಾಲೆ, ನೀರು, ವಿದ್ಯುತ್ತು ಇವೆಲ್ಲ ಮಾರುಕಟ್ಟೆಯಿಂದ ಹೊರಗೆ ಬಂದರೆ ಒಬ್ಬ ಕೆಲಸಗಾರನ ಬದುಕಿನ ಭಯದಲ್ಲಿ ಬಹುಪಾಲು ಹೊರಟುಹೋಗುತ್ತದೆ. ನನಗೆ ಮುಖ್ಯ ಅದು.

ಇತಿಹಾಸ ಮೇಷ್ಟ್ರು

ಇಬ್ಬರ ಮಾತನ್ನೂ ಓದಿದೆ. ನಾನು ಬೇರೆ ಕಡೆ ಬೆರಳು ತೋರಿಸಬೇಕಾಗಿದೆ. ಸ್ವಲ್ಪ ಉದ್ದವಾಗುತ್ತದೆ, ತಾಳ್ಮೆಯಿಂದ ಓದಿ.

ಬೆಲೆ ಇಲ್ಲದಿದ್ದರೆ ದುಂದು ಆಗುತ್ತದೆ, ನಿಜ. ಆದರೆ ಭಾರದ ತೂಗುದೀಪದಿಂದ ಯಾರೂ ಸಾಯುವುದಿಲ್ಲ. ಜನ ಲಕ್ಷಗಟ್ಟಲೆ, ಕೋಟಿಗಟ್ಟಲೆ ಸತ್ತದ್ದು ಬೇರೆ ಕಾರಣಕ್ಕೆ. ಕೆಳಗಿನವರು ನಿಜ ಹೇಳಿದರೆ ತಲೆ ಉಳಿಯುತ್ತಿರಲಿಲ್ಲ.

1937ರಲ್ಲಿ ಸೋವಿಯತ್ ಒಕ್ಕೂಟ ಜನಗಣತಿ ಮಾಡಿತು. ಎಣಿಕೆಯಲ್ಲಿ ಸಿಕ್ಕಿದ್ದು ಸುಮಾರು 16.2 ಕೋಟಿ ಜನ. ಸರ್ಕಾರ ಹೇಳಿಕೊಂಡು ಬಂದಿದ್ದ ಸಂಖ್ಯೆ ಇದಕ್ಕಿಂತ ಜಾಸ್ತಿ. ನಡುವಿನ ವ್ಯತ್ಯಾಸದಲ್ಲಿ 1932-33ರ ಬರಗಾಲದಲ್ಲಿ ಸತ್ತವರು ಇದ್ದರು. ಸರ್ಕಾರ ಆ ಗಣತಿಯನ್ನೇ ರದ್ದು ಮಾಡಿತು. ನಡೆಸಿದ ಅಧಿಕಾರಿಗಳನ್ನು ಬಂಧಿಸಿತು, ಕೆಲವರನ್ನು ಕೊಂದಿತು. 1939ರಲ್ಲಿ ಹೊಸ ಗಣತಿ ಮಾಡಿಸಿತು. ಇಂಥ ಕಡೆ ಯೋಜನೆ ಹಾಕುವುದು ಯಾವ ಅಂಕಿ ಇಟ್ಟುಕೊಂಡು? ಮುಂದಿನ ವರ್ಷ ಎಷ್ಟು ಧಾನ್ಯ ಬೇಕು ಎನ್ನಲು ಎಷ್ಟು ಜನ ಇದ್ದಾರೆ ಎಂದು ಗೊತ್ತಿರಬೇಕು. ಅದನ್ನು ಎಣಿಸಿ ಹೇಳಿದವನನ್ನೇ ಕೊಂದರು.

ಚೀನಾದಲ್ಲಿ ಇದೇ ರೋಗ ಇನ್ನೂ ಭೀಕರವಾಗಿ ಬಂತು. 1958ರಲ್ಲಿ ಮಾವೋ ಮಹಾ ಮುನ್ನೆಗೆತಕ್ಕೆ, ಅಂದರೆ ಬೆಳೆಯನ್ನೂ ಕೈಗಾರಿಕೆಯನ್ನೂ ಒಮ್ಮೆಲೇ ಹಿಗ್ಗಿಸಲು, ಕರೆ ಕೊಟ್ಟರು. ಹಳ್ಳಿಗಳನ್ನೆಲ್ಲ ಒಟ್ಟಾಗಿ ಉಳುವ ಕಮ್ಯೂನ್ ಮಾಡಿದರು. ಪ್ರತಿ ಕಮ್ಯೂನಿನ ಮುಖಂಡನೂ ಪಕ್ಕದವನಿಗಿಂತ ಜಾಸ್ತಿ ಬೆಳೆ ತೋರಿಸಬೇಕಿತ್ತು. ಗದ್ದೆಯಲ್ಲಿ ಇಲ್ಲದ ಬೆಳೆ ಕಾಗದದಲ್ಲಿ ಬೆಳೆಯಿತು. ಸರ್ಕಾರ ಆ ಕಾಗದ ನಂಬಿ ತನ್ನ ಪಾಲಿನ ಧಾನ್ಯ ಎತ್ತಿತು. ಹಳ್ಳಿಯಲ್ಲಿ ಉಳಿದದ್ದು ಹೊಟ್ಟೆಗೆ ಸಾಲಲಿಲ್ಲ. 1959ರಲ್ಲಿ ಚೀನಾ ಹೊರದೇಶಗಳಿಗೆ ಧಾನ್ಯ ಮಾರುತ್ತಲೇ ಇತ್ತು. ಸತ್ತವರ ಅಂದಾಜು ಒಂದೂವರೆ ಕೋಟಿಯಿಂದ ನಾಲ್ಕೂವರೆ ಕೋಟಿವರೆಗೆ ಇದೆ. ಅಂದಾಜಿನಲ್ಲೇ ಮೂರು ಕೋಟಿ ಜೀವದ ಅಂತರ. ಅಷ್ಟು ಜನರ ಸಾವನ್ನು ಯಾರೂ ಸರಿಯಾಗಿ ಬರೆದಿಡಲಿಲ್ಲ.

ಯಾರೂ ಎಚ್ಚರಿಸಲಿಲ್ಲವೇ? ಎಚ್ಚರಿಸಿದರು. 1959ರ ಜುಲೈಯಲ್ಲಿ ಲುಶಾನ್ ಸಭೆಯಲ್ಲಿ ರಕ್ಷಣಾ ಮಂತ್ರಿ ಪೆಂಗ್ ದೆಹುವಾಯ್ ಮಾವೋಗೆ ಪತ್ರ ಬರೆದರು. ಹಳೆಯ ಸೇನಾನಿ, ಪಕ್ಷನಿಷ್ಠ. ಅಂಕಿಗಳು ಉಬ್ಬಿವೆ, ಜನ ಕಷ್ಟದಲ್ಲಿದ್ದಾರೆ ಎಂಬುದೇ ಅವರ ಮಾತು. ಅವರ ಸ್ಥಾನ ಹೋಯಿತು. ಆಮೇಲೆ ಕೆಳಗಿನ ಅಧಿಕಾರಿಗಳು ಬಾಯಿ ಬಿಡುತ್ತಾರೆಯೇ? ಬರಗಾಲದ ಅತಿ ಕೆಟ್ಟ ದಿನಗಳು ಬಂದದ್ದು ಆ ಸಭೆಯ ನಂತರ.

ಹಾಗಾಗಿ ಹೊಸ ಓದುಗರಿಗೆ ನನ್ನ ಉತ್ತರ ಹೀಗಿದೆ. ಆಸ್ತಿ ಯಾರದ್ದು ಎಂದು ಕೇಳುವುದರ ಜೊತೆಗೆ, ಆಸ್ತಿ ನೋಡಿಕೊಳ್ಳುವವನನ್ನು ಇಳಿಸುವ ಹಕ್ಕು ಯಾರಿಗಿದೆ ಎಂದೂ ಕೇಳಿ. ವಿಯೆನ್ನಾದ ನಗರಸಭೆಯನ್ನು ಬಾಡಿಗೆದಾರ ಮತ ಹಾಕಿ ಇಳಿಸಬಹುದಿತ್ತು. ಪತ್ರಿಕೆ ಬೈಯಬಹುದಿತ್ತು. ಚೀನಾದ ಕಮ್ಯೂನಿನ ರೈತನಿಗೆ ಎರಡೂ ಇರಲಿಲ್ಲ. ಪತ್ರಿಕಾ ಸ್ವಾತಂತ್ರ್ಯವೂ ಚುನಾವಣೆಯೂ ಇರುವ ದೇಶದಲ್ಲಿ ದೊಡ್ಡ ಬರಗಾಲದ ಸಾವು ಆಗುವುದಿಲ್ಲ ಎಂದು ಅಮರ್ತ್ಯ ಸೇನ್ ಹೇಳಿದ್ದು ಇಂಥವನ್ನೆಲ್ಲ ನೋಡಿಯೇ.

ನೇರ ಮಾತು

ಮೇಷ್ಟ್ರೇ, ಮನಮುಟ್ಟುವಂತೆ ಬರೆದಿದ್ದೀರಿ. ಆದರೆ ಒಂದು ಮಾತು. ಸೋವಿಯತ್ ಆಗಲಿ, ಚೀನಾ ಆಗಲಿ, ಪತ್ರಿಕೆ ಮುಚ್ಚಿದ್ದು ಆಕಸ್ಮಿಕವೇ? ಕೆಲಸ ಕೊಡುವವನೂ ಸರ್ಕಾರ, ಮನೆ ಕೊಡುವವನೂ ಸರ್ಕಾರ, ಕಾಗದ ಮತ್ತು ಅಚ್ಚಿನ ಯಂತ್ರ ಕೊಡುವವನೂ ಸರ್ಕಾರ ಎಂದಾದರೆ ಎದುರು ನಿಲ್ಲುವವನು ಎಲ್ಲಿ ನಿಲ್ಲಬೇಕು? ನೀವು ಹೇಳುವ ರೋಗ ಆ ವ್ಯವಸ್ಥೆಯ ಒಳಗಿನಿಂದಲೇ ಹುಟ್ಟುತ್ತದೆ.

ಇತಿಹಾಸ ಮೇಷ್ಟ್ರು

ಒಪ್ಪುತ್ತೇನೆ, ಒಂದು ಷರತ್ತಿನ ಮೇಲೆ. ಒಡೆತನ ಒಂದೇ ಕೈಯಲ್ಲಿ ಸೇರಿದರೆ ನೀವು ಹೇಳಿದ್ದು ಆಗಿಯೇ ಆಗುತ್ತದೆ. ಆದರೆ ಒಡೆತನ ನಗರಸಭೆ, ಸಹಕಾರಿ ಸಂಘ, ಕಾರ್ಮಿಕರ ನಿಧಿ, ವಿಶ್ವವಿದ್ಯಾಲಯ ಹೀಗೆ ಹತ್ತು ಕಡೆ ಹಂಚಿಹೋದರೆ? ಅದೂ ಖಾಸಗಿಯಲ್ಲ, ಆದರೆ ಒಬ್ಬನದ್ದೂ ಅಲ್ಲ. ಸಮಾಜವಾದಿಗಳ ಒಳಗಿಂದಲೂ ಎಚ್ಚರಿಕೆ ಬಂದಿತ್ತು. 1918ರ ಜನವರಿಯಲ್ಲಿ ರಷ್ಯಾದಲ್ಲಿ ಲೆನಿನ್‌ರ ಪಕ್ಷದವರಾದ ಬೊಲ್ಷೆವಿಕರು ಚುನಾಯಿತ ಸಂವಿಧಾನ ಸಭೆಯನ್ನು ಮುಚ್ಚಿದ್ದನ್ನು ಜರ್ಮನಿಯ ಸಮಾಜವಾದಿ ರೋಸಾ ಲಕ್ಸೆಂಬರ್ಗ್ ಅದೇ ವರ್ಷ ಜೈಲಿನಿಂದಲೇ ಟೀಕಿಸಿ ಬರೆದರು. ಸರ್ಕಾರವನ್ನು ಹೊಗಳುವವರಿಗೆ ಮಾತ್ರ ಇರುವ ಸ್ವಾತಂತ್ರ್ಯ ಸ್ವಾತಂತ್ರ್ಯವೇ ಅಲ್ಲ ಎಂಬುದು ಅವರ ನಿಲುವು.

ಹೊಂಗಿರಣ

ಇಷ್ಟು ಹೊತ್ತಾದರೂ ಹೆಂಗಸರ ವಿಷಯ ಯಾರೂ ಎತ್ತಿಲ್ಲ. ಎತ್ತಲೇಬೇಕು.

ಸೋವಿಯತ್ ರಷ್ಯಾ 1920ರಲ್ಲಿ ಗರ್ಭಪಾತವನ್ನು ಕಾನೂನುಬದ್ಧ ಮಾಡಿತು. ಆಗ ಬೇರೆಲ್ಲೂ ಇಂಥದ್ದು ಇರಲಿಲ್ಲ. ವಿಚ್ಛೇದನ ಸುಲಭವಾಯಿತು. ಪಕ್ಷದಲ್ಲಿ ಹೆಂಗಸರದ್ದೇ ಒಂದು ವಿಭಾಗ 1919ರಲ್ಲಿ ಶುರುವಾಗಿತ್ತು. ಓದು ಬರಹ, ಕಾರ್ಖಾನೆ ಕೆಲಸ, ಶಿಶುವಿಹಾರ ಎಲ್ಲವೂ ಬಂದವು. ಇದು ಕಾಗದದ ಸಾಧನೆಯಲ್ಲ, ಲಕ್ಷಾಂತರ ಹೆಂಗಸರ ಬದುಕು ನಿಜವಾಗಿ ಬದಲಾಯಿತು.

ಆಮೇಲೆ ಏನಾಯಿತು? 1930ರಲ್ಲಿ ಆ ವಿಭಾಗವನ್ನು ಮುಚ್ಚಿದರು. 1936ರಲ್ಲಿ ಗರ್ಭಪಾತ ನಿಷೇಧಿಸಿದರು, ಯಾಕೆಂದರೆ ದೇಶಕ್ಕೆ ಜನಸಂಖ್ಯೆ ಬೇಕಿತ್ತು. 1955ರಲ್ಲಿ ಮತ್ತೆ ಅನುಮತಿ. ಕೊಟ್ಟದ್ದೂ ಅವರೇ, ಕಿತ್ತುಕೊಂಡದ್ದೂ ಅವರೇ, ಮತ್ತೆ ಕೊಟ್ಟದ್ದೂ ಅವರೇ. ಮೂರೂ ಸಲ ಕೊನೆಯ ಮಾತು ಹೆಂಗಸರದ್ದಾಗಿರಲಿಲ್ಲ. ಮೇಷ್ಟ್ರು ಹೇಳಿದ್ದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ಇನ್ನೊಂದು ಮುಖವೂ ಇದೆ. ಪೂರ್ವ ಜರ್ಮನಿಯಲ್ಲಿ ದುಡಿಯುವ ವಯಸ್ಸಿನ ಬಹುಪಾಲು ಹೆಂಗಸರು ಕೆಲಸದಲ್ಲಿದ್ದರು. ಮಗುವಿಗೆ ಶಿಶುವಿಹಾರದಲ್ಲಿ ಜಾಗ ಸಿಗುವುದು ಮಾಮೂಲಿಯಾಗಿತ್ತು. 1990ರಲ್ಲಿ ಎರಡೂ ಜರ್ಮನಿ ಒಂದಾದ ಮೇಲೆ ಕಾರ್ಖಾನೆಗಳು ಮುಚ್ಚಿದವು, ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಕೆಲಸ ಕಳೆದುಕೊಂಡರು. ಗೂಢಚಾರ ಪೊಲೀಸರು ಹೋದದ್ದು ಒಳ್ಳೆಯದೇ. ಕೆಲಸ, ಶಿಶುವಿಹಾರ ಯಾಕೆ ಹೋಗಬೇಕಿತ್ತು?

ದಾರಿಹೋಕ

ಹೊರಗಿನವರ ಕೈವಾಡವನ್ನೂ ಮರೆಯಬೇಡಿ. ಚಿಲಿಯಲ್ಲಿ 1970ರಲ್ಲಿ ಸಾಲ್ವಡಾರ್ ಅಯೆಂಡೆ ಚುನಾವಣೆಯಲ್ಲಿ ಗೆದ್ದು ಅಧ್ಯಕ್ಷರಾದರು. ಪತ್ರಿಕೆ ಮುಚ್ಚಲಿಲ್ಲ, ವಿರೋಧ ಪಕ್ಷ ನಿಷೇಧಿಸಲಿಲ್ಲ. 1971ರಲ್ಲಿ ತಾಮ್ರದ ಗಣಿಗಳ ರಾಷ್ಟ್ರೀಕರಣಕ್ಕೆ ಸಂಸತ್ತು ಒಕ್ಕೊರಲಿನಿಂದ ಒಪ್ಪಿತು, ವಿರೋಧ ಪಕ್ಷದವರೂ ಸೇರಿ. ಆದರೆ ಅಮೆರಿಕದ ಅಧ್ಯಕ್ಷ ನಿಕ್ಸನ್ ಅಯೆಂಡೆ ಅಧಿಕಾರಕ್ಕೆ ಬರುವ ಮೊದಲೇ ಚಿಲಿಯ ಆರ್ಥಿಕತೆ ಕಿರುಚುವಂತೆ ಮಾಡಿ ಎಂದು ತಮ್ಮ ಗುಪ್ತಚರ ಮುಖ್ಯಸ್ಥರಿಗೆ ಹೇಳಿದ್ದರು. ಆ ಟಿಪ್ಪಣಿ ಆಮೇಲೆ ಬಯಲಾಗಿದೆ. 1973ರ ಸೆಪ್ಟೆಂಬರ್ 11ರಂದು ಸೈನ್ಯ ಅಧ್ಯಕ್ಷರ ಅರಮನೆ ಮೇಲೆ ಬಾಂಬು ಹಾಕಿತು. ಬೆಳೆಯಲು ಬಿಡದೆ ಕಿತ್ತು ಹಾಕಿ, ಆಮೇಲೆ ಈ ಗಿಡ ಹಣ್ಣು ಬಿಡಲಿಲ್ಲ ಎಂದರೆ ಹೇಗೆ?

ಲೆಕ್ಕದವ

ದಾರಿಹೋಕ ಅವರೇ, ಚಿಲಿಗೆ ಆದದ್ದು ಅಪರಾಧ. ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿನ ಹಣದುಬ್ಬರ 1973ರಲ್ಲಿ ನೂರಾರು ಪ್ರತಿಶತಕ್ಕೆ ಏರಿತ್ತು. ಸಂಬಳ ಏರಿಸಿದರು, ಬೆಲೆಗಳನ್ನು ಹಿಡಿದಿಟ್ಟರು, ಕೊರತೆ ತುಂಬಲು ನೋಟು ಅಚ್ಚು ಹಾಕಿದರು. ಅಂಗಡಿ ಖಾಲಿಯಾಗಲು ವಾಷಿಂಗ್ಟನ್ನೊಂದೇ ಕಾರಣವಲ್ಲ. ಕ್ಯೂಬಾದಲ್ಲೂ ಎರಡನ್ನೂ ಒಟ್ಟಿಗೆ ನೋಡಬೇಕು. 1961ರ ಸಾಕ್ಷರತಾ ಚಳವಳಿ, ಬಡ ದೇಶವಾಗಿದ್ದೂ ಶ್ರೀಮಂತ ದೇಶಗಳ ಹತ್ತಿರಕ್ಕೆ ಬಂದ ಆಯಸ್ಸು, ಇವು ನಿಜ. 1962ರಿಂದ ಅಮೆರಿಕದ ವ್ಯಾಪಾರ ದಿಗ್ಬಂಧನ ಇರುವುದೂ ನಿಜ. ಹಾಗೆಯೇ ಸೋವಿಯತ್ ಸಹಾಯ ನಿಂತ ಮೇಲೆ ಆರ್ಥಿಕತೆ ಮೂರನೇ ಒಂದು ಭಾಗದಷ್ಟು ಕುಗ್ಗಿದ್ದೂ ನಿಜ. ತನ್ನ ಕಾಲ ಮೇಲೆ ನಿಂತಿದ್ದರೆ ಅಷ್ಟು ಬೀಳುತ್ತಿರಲಿಲ್ಲ.

ದಾರಿಹೋಕ

ಹಾಗಾದರೆ 1991ರ ನಂತರದ ರಷ್ಯಾವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಬೆಲೆಗಳನ್ನು ಬಿಟ್ಟರು, ಕಾರ್ಖಾನೆಗಳನ್ನು ಅವಸರದಲ್ಲಿ ಮಾರಿದರು. ಗಂಡಸರ ಸರಾಸರಿ ಆಯಸ್ಸು 1990ರಲ್ಲಿ ಸುಮಾರು 64 ವರ್ಷ ಇದ್ದದ್ದು 1994ರ ಹೊತ್ತಿಗೆ 58ರ ಆಸುಪಾಸಿಗೆ ಇಳಿಯಿತು. ಯುದ್ಧವಿಲ್ಲದೆ, ಪಿಡುಗಿಲ್ಲದೆ ಆಯಸ್ಸು ಹೀಗೆ ಕುಸಿಯುವುದು ಅಪರೂಪ. ಸಮಾಜವಾದದ ಸೋಲನ್ನು ಹೆಣ ಎಣಿಸಿ ಅಳೆಯುವುದಾದರೆ ಇದನ್ನೂ ಎಣಿಸಬೇಕು ಅಲ್ವಾ?

ಯಂತ್ರ ವಿದ್ಯೆ

ಲೆಕ್ಕದ ಪ್ರಶ್ನೆಗೆ ಹಿಂತಿರುಗುತ್ತೇನೆ. 1920ರಲ್ಲಿ ಕಂಪ್ಯೂಟರ್ ಇರಲಿಲ್ಲ. ಇವತ್ತು ದೊಡ್ಡ ಕಂಪನಿಗಳು ಲಕ್ಷಾಂತರ ವಸ್ತುಗಳ ದಾಸ್ತಾನನ್ನು ತಮ್ಮೊಳಗೆ ಯೋಜನೆ ಹಾಕಿಯೇ ನಡೆಸುತ್ತವೆ. ಸೋವಿಯತ್ ಗಣಿತಜ್ಞ ಲಿಯೊನಿಡ್ ಕಾಂತರೊವಿಚ್ 1939ರಲ್ಲೇ, ಇರುವ ಸಾಮಗ್ರಿಯಲ್ಲಿ ಅತಿ ಹೆಚ್ಚು ಉತ್ಪಾದನೆ ತೆಗೆಯುವ ಗಣಿತವನ್ನು ಕಂಡುಹಿಡಿದರು. ಶುರುವಾಗಿದ್ದು ಪ್ಲೈವುಡ್ ಕಾರ್ಖಾನೆಯೊಂದರ ಪ್ರಶ್ನೆಯಿಂದ. 1975ರಲ್ಲಿ ನೊಬೆಲ್ ಬಂತು. ಚಿಲಿಯಲ್ಲಿ ಸೈಬರ್‌ಸಿನ್ ಎಂಬ ಯೋಜನೆ ಕಾರ್ಖಾನೆಗಳನ್ನು ತಂತಿಯಲ್ಲಿ ಬರಹ ಕಳಿಸುವ ಟೆಲೆಕ್ಸ್ ಯಂತ್ರಗಳ ಮೂಲಕ ಜೋಡಿಸಿತ್ತು. 1972ರ ಲಾರಿ ಮಾಲೀಕರ ಮುಷ್ಕರದಲ್ಲಿ ಎಲ್ಲಿ ಏನು ಕೊರತೆ ಎಂದು ತಿಳಿಯಲು ಅದೇ ನೆರವಾಯಿತು. ಇವತ್ತು ಅದರ ಸಾವಿರ ಪಟ್ಟು ಶಕ್ತಿ ನಮ್ಮ ಕೈಯಲ್ಲಿದೆ.

ಲೆಕ್ಕದವ

ಕಾಂತರೊವಿಚ್ ಕಥೆಯನ್ನು ಪೂರ್ತಿ ಹೇಳಬೇಕು. ಅವರ ಗಣಿತದೊಳಗಿಂದ ಹೊರಬಂದದ್ದು ಒಂದು ಬಗೆಯ ಬೆಲೆಗಳೇ. ಅದು ಪಕ್ಷದ ಪಂಡಿತರಿಗೆ ಹಿಡಿಸಲಿಲ್ಲ. ಬಹಳ ವರ್ಷ ಅದನ್ನು ದೂರವೇ ಇಟ್ಟರು. ಕಂಪ್ಯೂಟರ್ ವಿಷಯಕ್ಕೆ ಬಂದರೆ, ನಿನ್ನೆ ಜನ ಏನು ಕೊಂಡರು ಎಂಬುದನ್ನು ಅದು ಚೆನ್ನಾಗಿ ಹೇಳುತ್ತದೆ. ಇನ್ನೂ ಹುಟ್ಟದ ವಸ್ತುವಿನ ಬಗ್ಗೆ ಹೇಗೆ ಹೇಳುತ್ತದೆ? ಹತ್ತು ಜನ ಹೊಸದೇನನ್ನೋ ಮಾಡಲು ಹೋಗಿ ಒಂಬತ್ತು ಜನ ಸೋಲುತ್ತಾರೆ. ಆ ಸೋಲಿಗೆ ಜಾಗ ಬೇಕು.

ಅಲ್ಲದೆ, ಸೋತ ಕಾರ್ಖಾನೆಯನ್ನು ಮುಚ್ಚುವವರು ಯಾರು? ಹಂಗೇರಿಯ ಅರ್ಥಶಾಸ್ತ್ರಜ್ಞ ಯಾನೊಶ್ ಕೊರ್ನಾಯ್ ಆ ವ್ಯವಸ್ಥೆಯ ಒಳಗೇ ಇದ್ದು ಕಂಡದ್ದು ಇದನ್ನೇ. ನಷ್ಟವಾದರೆ ಸರ್ಕಾರ ತುಂಬಿಕೊಡುತ್ತದೆ ಎಂದು ಗೊತ್ತಿದ್ದರೆ ಯಾವ ವ್ಯವಸ್ಥಾಪಕನೂ ಕಚ್ಚಾಮಾಲನ್ನು ಹಿತಮಿತವಾಗಿ ಬಳಸುವುದಿಲ್ಲ. ಸಿಕ್ಕಷ್ಟೂ ಬಾಚಿಕೊಂಡು ಗೋದಾಮಿನಲ್ಲಿ ಇಡುತ್ತಾನೆ. ಎಲ್ಲರೂ ಬಾಚಿದರೆ ಎಲ್ಲ ಕಡೆ ಕೊರತೆ. ಅಲ್ಲಿನ ಉದ್ದದ ಸಾಲುಗಳಿಗೆ ಮೂಲ ಇದೇ.

ಕೂಡಿ ದುಡಿ

ನಾನು ಸಹಕಾರಿ ಕಾರ್ಖಾನೆಗಳ ಬಗ್ಗೆ ಆಸಕ್ತಿಯಿಂದ ಓದಿಕೊಂಡವನು. ಈ ಚರ್ಚೆಯಲ್ಲಿ ಕೆಲಸಗಾರನೇ ಇಲ್ಲ ಅನ್ನಿಸಿತು. ಸರ್ಕಾರ ಇದೆ, ಮಾರುಕಟ್ಟೆ ಇದೆ. ಯಂತ್ರದ ಮುಂದೆ ನಿಂತವನು ಎಲ್ಲಿ?

ಸ್ಪೇನಿನ ಬಾಸ್ಕ್ ಪ್ರದೇಶದಲ್ಲಿ ಮೊಂದ್ರಾಗೊನ್ ಎಂಬ ಊರಿದೆ. ಅರಿಸ್‌ಮೆಂದಿಯಾರಿಯೆತಾ ಎಂಬ ಪಾದ್ರಿ ಅಲ್ಲಿ ತಾಂತ್ರಿಕ ಶಾಲೆ ತೆರೆದರು. ಅವರ ಶಿಷ್ಯರು 1956ರಲ್ಲಿ ಮೊದಲ ಸಹಕಾರಿ ಕಾರ್ಖಾನೆ ಶುರು ಮಾಡಿದರು. ಈಗ ಆ ಗುಂಪಿನಲ್ಲಿ ಸುಮಾರು 70,000 ಜನ ದುಡಿಯುತ್ತಾರೆ. ಸದಸ್ಯ ಕಾರ್ಮಿಕರಿಗೆ ತಲಾ ಒಂದು ಮತ. ವ್ಯವಸ್ಥಾಪಕರನ್ನು ನೇಮಿಸುವ ಆಡಳಿತ ಮಂಡಳಿಯನ್ನು ಅವರೇ ಆರಿಸುತ್ತಾರೆ. ಮೇಲಿನವನ ಸಂಬಳ ಕೆಳಗಿನವನ ಸಂಬಳದ ಸುಮಾರು ಆರು ಪಟ್ಟಿಗಿಂತ ಮೇಲೆ ಹೋಗುವುದು ಅಪರೂಪ. ಮಾಲನ್ನು ಮಾರುಕಟ್ಟೆಯಲ್ಲೇ ಮಾರುತ್ತಾರೆ, ಹಾಗಾಗಿ ಲೆಕ್ಕದವ ಸರ್ ಹೇಳಿದ ಬೆಲೆಯ ಕಷ್ಟ ಇಲ್ಲ.

2013ರಲ್ಲಿ ಆ ಗುಂಪಿನ ಫಾಗೋರ್ ಎಂಬ ಗೃಹೋಪಯೋಗಿ ಯಂತ್ರಗಳ ಕಂಪನಿ ದಿವಾಳಿಯಾಯಿತು. ಉಳಿದ ಸಹಕಾರಿಗಳು ಸ್ವಲ್ಪ ಕಾಲ ದುಡ್ಡು ಹಾಕಿದವು, ಆಮೇಲೆ ಇನ್ನು ಸಾಧ್ಯವಿಲ್ಲ ಎಂದವು. ಮುಚ್ಚಿದ ಮೇಲೆ ಹೆಚ್ಚಿನ ಸದಸ್ಯರಿಗೆ ಬೇರೆ ಸಹಕಾರಿಗಳಲ್ಲಿ ಕೆಲಸ ಅಥವಾ ಬೇಗನೆ ನಿವೃತ್ತಿ ಸಿಕ್ಕಿತು. ಕಾರ್ಖಾನೆ ಸೋಲಬಹುದು, ಕೆಲಸಗಾರ ಬೀದಿಗೆ ಬೀಳಬೇಕಾಗಿಲ್ಲ. ನನಗೆ ಇದು ಬಹಳ ದೊಡ್ಡ ವಿಷಯ. ನೋವಿನ ಸಂಗತಿ ಒಂದಿದೆ: ಹೊರದೇಶಗಳಲ್ಲಿ ಈ ಗುಂಪು ತೆರೆದ ಕಾರ್ಖಾನೆಗಳಲ್ಲಿ ದುಡಿಯುವವರು ಹೆಚ್ಚಾಗಿ ಸದಸ್ಯರಲ್ಲ, ಬರೀ ನೌಕರರು. ಅವರಿಗೂ ಮತ ಕೊಡುವವರೆಗೆ ಈ ಕೆಲಸ ಅರ್ಧವೇ.

ಯುಗೊಸ್ಲಾವಿಯ ಇದನ್ನೇ ಇಡೀ ದೇಶಕ್ಕೆ ಮಾಡಲು ಹೋಯಿತು. 1950ರ ಕಾನೂನಿನಿಂದ ಕಾರ್ಖಾನೆಗಳಲ್ಲಿ ಕಾರ್ಮಿಕರ ಮಂಡಳಿಗಳು ಬಂದವು. ಎರಡು ಮೂರು ದಶಕ ಚೆನ್ನಾಗಿಯೇ ಬೆಳೆಯಿತು. ಆಮೇಲೆ ಸಾಲ, ನಿರುದ್ಯೋಗ, ಕೊನೆಗೆ 1989ರಲ್ಲಿ ಸಾವಿರ ಪ್ರತಿಶತ ದಾಟಿದ ಹಣದುಬ್ಬರ. ಮಂಡಳಿಗಳು ಲಾಭವನ್ನು ಸಂಬಳಕ್ಕೆ ಹಂಚುವತ್ತ ವಾಲಿದವು. ಕಾರ್ಖಾನೆಯಲ್ಲಿ ಅವರಿಗೆ ಸ್ವಂತ ಪಾಲು ಇರಲಿಲ್ಲವಲ್ಲ, ಕೆಲಸ ಬಿಟ್ಟು ಹೋಗುವಾಗ ತೆಗೆದುಕೊಂಡು ಹೋಗಲು ಏನೂ ಇಲ್ಲ. ಮೊಂದ್ರಾಗೊನ್ ಈ ಗಂಟನ್ನು ಬಿಡಿಸಿದ ಬಗೆ ಸರಳ: ಪ್ರತಿ ಸದಸ್ಯನ ಹೆಸರಲ್ಲಿ ಬಂಡವಾಳ ಖಾತೆ ಇದೆ. ಲಾಭದ ಪಾಲು ಅಲ್ಲಿ ಸೇರುತ್ತದೆ, ನಿವೃತ್ತಿಯಾದಾಗ ಕೈಗೆ ಬರುತ್ತದೆ. ಅಲ್ಲಿವರೆಗೆ ಆ ದುಡ್ಡು ಕಾರ್ಖಾನೆಯಲ್ಲೇ ದುಡಿಯುತ್ತದೆ.

ನೇರ ಮಾತು

ಕೂಡಿ ದುಡಿ ಅವರೇ, ಇಸ್ರೇಲಿನ ಕಿಬ್ಬುಟ್ಸ್‌ಗಳನ್ನೂ, ಅಂದರೆ ಎಲ್ಲವನ್ನೂ ಹಂಚಿಕೊಂಡು ಬದುಕುವ ಹಳ್ಳಿಗಳನ್ನೂ, ಹೇಳಿ. ಅಲ್ಲಿ ಬಲವಂತ ಇರಲಿಲ್ಲ, ಮತದಾನ ಇತ್ತು, ನಂಬಿಕೆಯೂ ಇತ್ತು. ಮೊದಲನೆಯದು ದೆಗಾನಿಯಾ, 1910ರಲ್ಲಿ. ಡಾಕ್ಟರಿಗೂ ಹಟ್ಟಿ ತೊಳೆಯುವವನಿಗೂ ಒಂದೇ ಪಾಲು. 1980ರ ದಶಕದ ಸಾಲದ ಬಿಕ್ಕಟ್ಟಿನ ನಂತರ ಬಹುಪಾಲು ಕಿಬ್ಬುಟ್ಸ್‌ಗಳು ಕೆಲಸಕ್ಕೆ ತಕ್ಕ ಸಂಬಳಕ್ಕೆ ಬಂದವು. ದೆಗಾನಿಯಾ ಕೂಡ 2007ರಲ್ಲಿ ಬದಲಾಯಿತು. ಹೊರಗೆ ಜಾಸ್ತಿ ದುಡಿಯಬಲ್ಲವರು ಮೊದಲು ಬಿಟ್ಟುಹೋಗುತ್ತಿದ್ದರು. ಸ್ವಂತ ಇಷ್ಟದಿಂದ ಬಂದವರಲ್ಲೇ ಪೂರ್ತಿ ಸಮಾನತೆ ನಿಲ್ಲಲಿಲ್ಲ.

ಹೊಂಗಿರಣ

ಎಪ್ಪತ್ತು ವರ್ಷಕ್ಕೂ ಜಾಸ್ತಿ ನಿಂತಿತು. ಎರಡು ಮೂರು ತಲೆಮಾರು ಹುಟ್ಟಿ ಬೆಳೆದದ್ದು ಅದರಲ್ಲೇ. ಎಷ್ಟು ಕಂಪನಿಗಳು ಅಷ್ಟು ಕಾಲ ಬಾಳುತ್ತವೆ?

ಅಲ್ಲಿ ಕೈಬಿಟ್ಟದ್ದರಲ್ಲಿ ಮಕ್ಕಳನ್ನು ರಾತ್ರಿ ತಂದೆತಾಯಿಯಿಂದ ಬೇರೆ, ಮಕ್ಕಳ ಮನೆಯಲ್ಲಿ ಮಲಗಿಸುವ ಪದ್ಧತಿಯೂ ಒಂದು. ಅದು ಬೇಡ ಎಂದು ಒತ್ತಾಯಿಸಿದವರಲ್ಲಿ ಅಮ್ಮಂದಿರು ಮುಂದಿದ್ದರು. ಸಭೆಯಲ್ಲಿ ಮಾತಾಡಿದರು, ಮತ ಹಾಕಿದರು, ಪದ್ಧತಿ ಹೋಯಿತು. ಯಾರನ್ನೂ ಜೈಲಿಗೆ ಹಾಕಲಿಲ್ಲ. ನಾನು ಇದನ್ನು ಸೋಲಿನ ಪಟ್ಟಿಗೆ ಸೇರಿಸುವುದಿಲ್ಲ.

ಹೊಸ ಓದುಗ

ಎಲ್ಲರಿಗೂ ಮನಸಾರೆ ಧನ್ಯವಾದ. ಇಷ್ಟು ಸಿಗುತ್ತದೆಂದು ಅಂದುಕೊಂಡಿರಲಿಲ್ಲ. ಇನ್ನೊಂದೇ ಪ್ರಶ್ನೆ. ಇವತ್ತು ಒಂದು ದೇಶದಲ್ಲಿ ಸಮಾಜವಾದಿಗಳು ಚುನಾವಣೆ ಗೆದ್ದರು ಎಂದುಕೊಳ್ಳಿ. ಪತ್ರಿಕೆ, ಕೋರ್ಟು, ವಿರೋಧ ಪಕ್ಷ ಎಲ್ಲವೂ ಇವೆ. ಅವರು ಸೋಲಬಾರದು ಎಂದರೆ ಮೊದಲು ಯಾವುದಕ್ಕೆ ಕೈ ಹಾಕಬೇಕು?

ಕೆಂಪು ದಾಸವಾಳ

ಮನೆ ಮತ್ತು ಆಸ್ಪತ್ರೆ. ಜನರಿಗೆ ಮೊದಲ ವರ್ಷದಲ್ಲೇ ಕಣ್ಣಿಗೆ ಕಾಣಬೇಕು.

ಲೆಕ್ಕದವ

ಸರ್ಕಾರದ ಮಾತು ಕೇಳಬೇಕಾಗಿಲ್ಲದ ಅಂಕಿಅಂಶ ಕಚೇರಿ. ಬೆಲೆಗಳನ್ನು ಹಿಡಿದಿಡಲು ಹೋಗಬೇಡಿ, ಬಡವರ ಕೈಗೆ ದುಡ್ಡು ಕೊಡಿ.

ಇತಿಹಾಸ ಮೇಷ್ಟ್ರು

ಎರಡೂ ಸರಿ. ಆದರೆ ಅವರು ಮೊದಲು ಎದುರಿಸಬೇಕಾದದ್ದು ಬೇರೆಯೇ ಇದೆ. 1981ರಲ್ಲಿ ಫ್ರಾನ್ಸಿನಲ್ಲಿ ನೀವು ಹೇಳಿದ ಸ್ಥಿತಿಯೇ ಇತ್ತು. ಸಮಾಜವಾದಿ ಪಕ್ಷದ ಮಿತ್ತೆರಾನ್ ಗೆದ್ದು ಅಧ್ಯಕ್ಷರಾದರು. ಕನಿಷ್ಠ ಸಂಬಳ ಏರಿಸಿದರು, ಕೆಲಸದ ವಾರವನ್ನು 39 ಗಂಟೆಗೆ ಇಳಿಸಿದರು, 1982ರಲ್ಲಿ ಬ್ಯಾಂಕುಗಳನ್ನೂ ದೊಡ್ಡ ಉದ್ಯಮಗಳನ್ನೂ ರಾಷ್ಟ್ರೀಕರಣ ಮಾಡಿದರು. ಸೈನ್ಯ ಬರಲಿಲ್ಲ, ಬಾಂಬು ಬೀಳಲಿಲ್ಲ. ದುಡ್ಡು ದೇಶ ಬಿಟ್ಟು ಹೋಗತೊಡಗಿತು. ಅಲ್ಲಿನ ನಾಣ್ಯ ಫ್ರಾಂಕಿನ ಬೆಲೆಯನ್ನು ಎರಡು ವರ್ಷದೊಳಗೆ ಮೂರು ಸಲ ಇಳಿಸಬೇಕಾಯಿತು. 1983ರ ಮಾರ್ಚ್‌ನಲ್ಲಿ ಸರ್ಕಾರ ದಾರಿ ಬದಲಿಸಿ ಖರ್ಚು ಕಡಿತಕ್ಕೆ ಇಳಿಯಿತು.

ಸ್ವೀಡನ್ನಿನಲ್ಲೂ ಇಂಥದ್ದೇ. ಕಾರ್ಮಿಕ ಸಂಘಗಳ ಅರ್ಥಶಾಸ್ತ್ರಜ್ಞ ರುಡಾಲ್ಫ್ ಮೈಡ್ನರ್ 1970ರ ದಶಕದ ನಡುವೆ ಒಂದು ಯೋಜನೆ ಕೊಟ್ಟರು. ದೊಡ್ಡ ಕಂಪನಿಗಳು ಪ್ರತಿ ವರ್ಷ ಲಾಭದ ಒಂದು ಭಾಗವನ್ನು ಷೇರುಗಳಾಗಿ ಕಾರ್ಮಿಕರ ನಿಧಿಗೆ ಕೊಡಬೇಕು. ನಿಧಾನವಾಗಿ ಒಡೆತನವೇ ಕೈ ಬದಲಾಗುತ್ತಿತ್ತು. ಮಾಲೀಕರು ಸ್ಟಾಕ್‌ಹೋಮಿನ ಬೀದಿಗಿಳಿದರು. 1983ರಲ್ಲಿ ಪಾಸಾದದ್ದು ಬಹಳ ನೀರು ಬೆರೆಸಿದ ಕಾನೂನು. 1991ರಲ್ಲಿ ಬಂದ ಬಲಪಂಥೀಯ ಸರ್ಕಾರ ಅದನ್ನೂ ಕಿತ್ತುಹಾಕಿತು.

ಮತದ ಮೂಲಕ ಸಮಾಜವಾದ ತರುವವರು ಈ ಎರಡು ಕಥೆಗಳಿಗೆ ಉತ್ತರ ಇಟ್ಟುಕೊಂಡೇ ಹೊರಡಬೇಕು. ಚುನಾವಣೆಯ ಮರುದಿನವೇ ದುಡ್ಡು ಗಡಿ ದಾಟಿದರೆ ಏನು ಮಾಡುತ್ತೀರಿ? ಒಂದೇ ದೇಶ ಬಾಗಿಲು ಹಾಕಿಕೊಂಡರೆ ವ್ಯಾಪಾರ ಒಣಗುತ್ತದೆ. ತೆರೆದಿಟ್ಟರೆ ಬಂಡವಾಳ ಸೋರಿಹೋಗುತ್ತದೆ. ನನ್ನ ಮಟ್ಟಿಗೆ, ನಾಲ್ಕಾರು ದೇಶ ಒಟ್ಟಿಗೆ ಸೇರಿ ಬಂಡವಾಳದ ಓಡಾಟಕ್ಕೆ ಒಂದೇ ನಿಯಮ, ಒಂದೇ ತೆರಿಗೆ ಮಾಡಿಕೊಂಡರೆ ಮಾತ್ರ ಇದಕ್ಕೆ ದಾರಿ ಇದೆ.

ಕೂಡಿ ದುಡಿ

ಮೇಷ್ಟ್ರೇ, ದೇಶಗಳು ಸೇರುವವರೆಗೆ ಕಾಯಲೇಬೇಕೇ? ಕಾರ್ಮಿಕರೇ ಸದಸ್ಯರಾದ ಕಾರ್ಖಾನೆ ಗಡಿ ದಾಟಿ ಓಡಿಹೋಗುವುದಿಲ್ಲ. ಅದರ ಮಾಲೀಕರು ಅದೇ ಊರಲ್ಲಿ ಮನೆ ಮಾಡಿಕೊಂಡಿರುತ್ತಾರೆ. ಅಂಥ ಕಾರ್ಖಾನೆಗಳಿಗೆ ಸಾಲ ಕೊಡುವ ಸಾರ್ವಜನಿಕ ಬ್ಯಾಂಕು ಮೊದಲು ಬೇಕು ಎಂಬುದು ನನ್ನ ಅಭಿಪ್ರಾಯ. ಮೊಂದ್ರಾಗೊನ್‌ನವರು ಸ್ಪೇನಿನಲ್ಲಿ ಫ್ರಾಂಕೋನ ಸರ್ವಾಧಿಕಾರ ಇರುವಾಗಲೇ, 1959ರಲ್ಲಿ, ತಮ್ಮದೇ ಬ್ಯಾಂಕು ಕಟ್ಟಿದರು. ಮಾಲೀಕ ಮಾರಿ ಹೋಗಲು ಹೊರಟ ಕಾರ್ಖಾನೆಯನ್ನು ಅಲ್ಲಿ ದುಡಿಯುವವರೇ ಕೊಳ್ಳಲು ಮೊದಲ ಹಕ್ಕು ಇರಲಿ, ಅದಕ್ಕೆ ಸಾರ್ವಜನಿಕ ಬ್ಯಾಂಕಿನ ಸಾಲ ಸಿಗಲಿ. ಈ ಎರಡು ಕಾನೂನಿಗೆ ಬೇರೆ ಯಾವ ದೇಶದ ಒಪ್ಪಿಗೆಯೂ ಬೇಕಾಗಿಲ್ಲ.